3ನೇ ಅಡ್ಡರಸ್ತೆ ನಿವಾಸಿಗಳ ಗುಂಪು: ಮೋರಿ ಕೆಲಸ ಗೊತ್ತಿರುವ ಪ್ಲಂಬರ್ ಬೇಕು

ಸುಮಾ, 47 ಕೆಳಮನೆ, ಬೆಳಗ್ಗೆ 5:52
ರಾತ್ರಿ ನಿದ್ದೆ ಮಾಡಿದವರೆಲ್ಲ ಪುಣ್ಯವಂತರು. ನಮ್ಮ ಮನೆಯಲ್ಲಿ ಯಾರೂ ಕಣ್ಣು ಮುಚ್ಚಿಲ್ಲ. ಮಳೆ ಜೋರಾಗಿದ್ದೇ ತಡ, ಬಾತ್‌ರೂಮಿನ ಜಾಲರಿಯಿಂದ ಮೋರಿ ನೀರು ಉಕ್ಕಿ ಹಾಲ್‌ವರೆಗೂ ಬಂತು. ಅತ್ತೆಯನ್ನು ಮೇಲಿನ ಮನೆಯವರ ಸೋಫಾ ಮೇಲೆ ಮಲಗಿಸಿದ್ದೇವೆ. ಮತ್ತೆ ಅದೇ ಜಾಗ, ಅದೇ ಮ್ಯಾನ್‌ಹೋಲ್. ಹೋದ ವರ್ಷ ನವರಾತ್ರಿಯಲ್ಲಿ ಹೀಗೇ ಆದಾಗ "ಒಂದು ವಾರದಲ್ಲಿ ಸರಿ ಮಾಡಿಸೋಣ" ಅಂತ ಇದೇ ಗುಂಪಿನಲ್ಲಿ ಬರೆದವರು ಯಾರು? ಮೇಲೆ ಹೋಗಿ ನೋಡಿಕೊಳ್ಳಿ.

ಸುಮಾ, 47 ಕೆಳಮನೆ, 5:58
ಇನ್ನೂ ಇದೆ, ಕೇಳಿ. ರಾತ್ರಿ ಮೊಬೈಲಿನಲ್ಲಿ ಹುಡುಕಿ ಮೊದಲು ಸಿಕ್ಕಿದ ನಂಬರಿಗೆ ಫೋನ್ ಮಾಡಿದೆ. ಮನೆಗೆ ಬರುವುದಕ್ಕೇ 499 ಅಂದರು. ಬಂದವನು ಒಂದು ರಾಡ್ ತೂರಿಸಿ, ನಾಲ್ಕು ಸುತ್ತು ತಿರುಗಿಸಿ 3,500 ಕೇಳಿದ. ನೀರು ಇಳಿದಿತ್ತು, ಕೊಟ್ಟೆ. ಹೊರಡುವಾಗ "ಒಳಗೆ ಪೈಪ್ ಕುಸಿದಿದೆ ಮೇಡಂ, ಟೈಲ್ಸ್ ಒಡೀಬೇಕು, 45 ಸಾವಿರ ಆಗುತ್ತೆ, ಈಗ 10 ಸಾವಿರ ಹಾಕಿದ್ರೆ ಬೆಳಗ್ಗೆ ಹುಡುಗರನ್ನ ಕಳಿಸ್ತೀನಿ" ಅಂದ. ನಾಲ್ಕು ಗಂಟೆಗೆ ಮತ್ತೆ ಉಕ್ಕಿತು. ಈಗ ಅವನ ಫೋನ್ ಸ್ವಿಚ್ ಆಫ್.
ಯಾರಾದರೂ ನಂಬಿಕಸ್ಥನ ನಂಬರ್ ಕೊಡಿ. ಮೋರಿ ಕೆಲಸ ಗೊತ್ತಿರುವವನು ಬೇಕು. ನಲ್ಲಿಗೆ ವಾಷರ್ ಹಾಕುವವನು ಬೇಡ.

ಶಾರದಮ್ಮ, 22, 6:07
(ಫಾರ್ವರ್ಡ್) 🌺 ಶುಭೋದಯ 🌺 ಮನಸ್ಸು ತಿಳಿಯಾಗಿದ್ದರೆ ಬದುಕೆಲ್ಲ ತಿಳಿನೀರು 🙏

ಪವನ್, 40, 6:09
ಶಾರದಮ್ಮ, ಆ ತಿಳಿನೀರನ್ನು ಇವತ್ತು 47ಕ್ಕೆ ಕಳಿಸಿಬಿಡಿ.

ರಾಯರು, 31, 6:21
ನಾನು ಹೇಳುತ್ತಲೇ ಬಂದಿದ್ದೇನೆ, ಯಾರೂ ಕೇಳಲಿಲ್ಲ. ಈ ರಸ್ತೆಯ ಯುಜಿಡಿ (ನೆಲದಡಿಯ ಒಳಚರಂಡಿ) ಲೈನ್ ಹಾಕಿದ್ದು ಒಂದೊಂದು ಸೈಟಿಗೆ ಒಂದೊಂದು ಸಂಸಾರ ಅಂತ. ಈಗ 52ರ ಪಿಜಿ ಒಂದರಲ್ಲೇ ನಲವತ್ತು ಜನ. ನಲವತ್ತು ಜನ ಸ್ನಾನ ಮಾಡಿದರೆ ಮೋರಿ ಉಕ್ಕದೆ ಇನ್ನೇನು? ಮೊದಲು ಪಿಜಿ ಮುಚ್ಚಿಸಿ. ಆಮೇಲೆ ಪ್ಲಂಬರ್.

ಗಿರೀಶ್, 52 ಪಿಜಿ, 6:30
ರಾಯರೇ, ಬೆಳಗ್ಗೆ ಬೆಳಗ್ಗೆಯೇ ಶುರು ಮಾಡಿದಿರಾ? ನಮ್ಮಲ್ಲಿ ಇರುವುದು 26 ಜನ. 6 ಇಂಚಿನ ಪೈಪ್ ನನ್ನ ಸ್ವಂತ ದುಡ್ಡಿನಲ್ಲಿ ಹಾಕಿಸಿದ್ದೇನೆ. ಸ್ನಾನ ದಿನಾ ಮಾಡುತ್ತಾರೆ. ಉಕ್ಕುವುದು ಮಳೆ ಬಂದಾಗ ಮಾತ್ರ. ನಿಮ್ಮ ತಾರಸಿ ನೀರು ಎಲ್ಲಿಗೆ ಹೋಗುತ್ತದೆ ಅಂತ ಸ್ವಲ್ಪ ಗುಂಪಿಗೆ ತಿಳಿಸಿ.

ರಾಯರು, 31, 6:33
ನಮ್ಮ ತಾರಸಿ ವಿಷಯ ಇಲ್ಲಿ ಅಪ್ರಸ್ತುತ. ನಾನು ಈ ರಸ್ತೆಗೆ ಬಂದಾಗ ನೀವು ಸ್ಕೂಲಿಗೂ ಸೇರಿರಲಿಲ್ಲ.

ಫಾತಿಮಾ ಆಂಟಿ, 49, 6:41
ಸುಮಾ, ಬಕೆಟ್, ಫಿನಾಯಿಲ್ ಕೊಟ್ಟು ನಮ್ಮ ಹುಡುಗನನ್ನು ಕಳಿಸಿದ್ದೇನೆ. ತಿಂಡಿ ಇಲ್ಲೇ. ಅತ್ತೆಗೆ ಇಡ್ಲಿ ಕಟ್ಟಿಸಿದ್ದೇನೆ. ನಮ್ಮ ಟಾಯ್ಲೆಟ್ಟಿನಲ್ಲೂ ನೀರು ಇಳಿಯುತ್ತಿಲ್ಲ, ಗುಳುಗುಳು ಅಂತ ಸದ್ದು ಬರುತ್ತಿದೆ.

ವೆಂಕಟೇಶ್, 18, 6:55
ಸುಮಕ್ಕ, ಟೈಲ್ಸ್ ಮುಟ್ಟಲು ಯಾರಿಗೂ ಬಿಡಬೇಡಿ. ನಾನು ಸೈಟಿನಲ್ಲಿ ದಿನಾ ಇದೇ ನೋಡುವುದು. ಗೇಟಿನ ಒಳಗಡೆ ಚೌಕದ ಮುಚ್ಚಳ ಇದೆಯಲ್ಲ, ಅದು ನಿಮ್ಮ ಮನೆಯ ಕೊನೆಯ ಚೇಂಬರ್. ಅದನ್ನು ತೆಗೆಸಿ ನೋಡಿ. ತುಂಬಿ ನಿಂತಿದ್ದರೆ ಕಟ್ಟಿರುವುದು ರಸ್ತೆ ಕಡೆ. ಚೇಂಬರ್ ಖಾಲಿ ಇದ್ದು ಬಾತ್‌ರೂಮಿನಲ್ಲಿ ಮಾತ್ರ ನಿಂತಿದ್ದರೆ ಕಟ್ಟಿರುವುದು ಮನೆಯೊಳಗಿನ ಪೈಪ್. ಒಳಗಿದ್ದರೆ ಪ್ಲಂಬರ್ ಕೆಲಸ, ಹೊರಗಿದ್ದರೆ ಜಲಮಂಡಳಿ ಕೆಲಸ. ಆ ಮುಚ್ಚಳ ಎತ್ತದೆ 45 ಸಾವಿರದ ಲೆಕ್ಕ ಕೊಟ್ಟವನಿಗೆ ನಿಮ್ಮ ಪೈಪ್ ಬಗ್ಗೆ ಏನೂ ಗೊತ್ತಿಲ್ಲ.
ಮುಚ್ಚಳ ತೆಗೆದಾಗ ಮುಖ ಬಗ್ಗಿಸಬೇಡಿ, ಬೆಂಕಿಕಡ್ಡಿ ಗೀರಬೇಡಿ. ಗ್ಯಾಸ್ ಇರುತ್ತದೆ.

ಶಾರದಮ್ಮ, 22, 7:02
(ಫಾರ್ವರ್ಡ್) ಮೋರಿ ಕಟ್ಟಿದೆಯೇ? ಪ್ಲಂಬರ್‌ಗೆ ದುಡ್ಡು ದಂಡ ಬೇಡ! ಅಡುಗೆ ಸೋಡಾ + ನಿಂಬೆಹಣ್ಣು + ಬಿಸಿನೀರು. 5 ನಿಮಿಷದಲ್ಲಿ ಚಮತ್ಕಾರ. 10 ಗುಂಪಿಗೆ ಕಳಿಸಿ.

ಪವನ್, 40, 7:03
ಉಪ್ಪು ಸೇರಿಸಿದರೆ ಶರಬತ್ತೂ ಆಗುತ್ತೆ.

ವೆಂಕಟೇಶ್, 18, 7:06
ಶಾರದಮ್ಮ, ಸಿಂಕಿನಲ್ಲಿ ಎಣ್ಣೆ ಜಿಡ್ಡಿಗೆ ಸ್ವಲ್ಪ ಉಪಯೋಗಕ್ಕೆ ಬರಬಹುದು. ರಸ್ತೆ ಲೈನಿಗೆ ಆಗುವುದಿಲ್ಲ. ಯಾರೂ ದಯವಿಟ್ಟು ಆಸಿಡ್, ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಸುರಿಯಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ.

ಸುಮಾ, 47 ಕೆಳಮನೆ, 7:20
ತೆಗೆಸಿದೆ. ಚೇಂಬರ್ ತುಂಬಿ ತುಳುಕುತ್ತಿದೆ.

ಫಾತಿಮಾ ಆಂಟಿ, 49, 7:24
ನಮ್ಮದೂ.

ನಾಗರಾಜ್, 51, 7:31
ನಮ್ಮದು ಖಾಲಿ. ಸರಾಗ ಹೋಗುತ್ತಿದೆ.

ವೆಂಕಟೇಶ್, 18, 7:35
ಹಾಗಾದರೆ ಗೊತ್ತಾಯಿತು. ನಮ್ಮ ಲೈನ್ 31ರ ಕಡೆಯಿಂದ 51ರ ಕಡೆಗೆ ಇಳಿಜಾರು. ಕಟ್ಟಿರುವುದು 49 ಮತ್ತು 51ರ ನಡುವೆ. ಸುಮಕ್ಕನ ಮನೆ ರಸ್ತೆಗಿಂತ ತಗ್ಗು, ಹಾಗಾಗಿ ಮೊದಲು ಅಲ್ಲೇ ಹೊರಗೆ ಬರುತ್ತದೆ. ಪಿಜಿ ಲೈನ್ ಸೇರುವುದು 51ರ ಮುಂದಿನ ಮ್ಯಾನ್‌ಹೋಲಿಗೆ, ಅಂದರೆ ಕಟ್ಟಿರುವ ಜಾಗದಿಂದ ಕೆಳಗೆ. ಈ ಸಲ ಪಿಜಿಗೂ ಇದಕ್ಕೂ ಸಂಬಂಧ ಇಲ್ಲ.
ಆದರೆ ಗಿರೀಶ್ ಹೇಳಿದ್ದರಲ್ಲಿ ಒಂದು ನಿಜ. ತಾರಸಿಯ ಮಳೆ ಪೈಪನ್ನು ಯುಜಿಡಿ ಚೇಂಬರಿಗೆ ಬಿಡುವಂತಿಲ್ಲ. ಮಳೆ ನೀರು ಹೋಗಬೇಕಾದ್ದು ಇಂಗುಗುಂಡಿಗೆ, ನೆಲದೊಳಗಿನ ಸಂಪ್ ಟ್ಯಾಂಕಿಗೆ, ಇಲ್ಲ ರಸ್ತೆ ಬದಿಯ ಚರಂಡಿಗೆ. ನಮ್ಮ ಸಾಲಿನಲ್ಲಿ ಎಷ್ಟು ಮನೆಯ ಪೈಪ್ ಚೇಂಬರಿಗೆ ಹೋಗುತ್ತಿದೆ ಅಂತ ಅವರವರೇ ನೋಡಿಕೊಳ್ಳಿ. ಅರ್ಧ ಕಟ್ಟಿದ ಲೈನ್ ದಿನದ ನೀರನ್ನು ಹೇಗೋ ಎಳೆಯುತ್ತದೆ, ಮಳೆ ನೀರು ಸೇರಿದರೆ ಎಳೆಯಲ್ಲ.

ಗಿರೀಶ್, 52 ಪಿಜಿ, 7:36
ರಾಯರೇ? 😊

ರಾಯರು, 31, 7:49
ವೆಂಕಟೇಶ್ ಚಿಕ್ಕ ಹುಡುಗ, ಪುಸ್ತಕದ ಮಾತು ಹೇಳುತ್ತಿದ್ದಾನೆ. ನಿಜವಾದ ಕಾರಣ 49ರ ಮುಂದಿನ ಹೊಂಗೆ ಮರ. ಬೇರು ಪೈಪಿನೊಳಗೆ ನುಗ್ಗಿದೆ. ಅದನ್ನು ಕಡಿಸಿ ಅಂತ ನಾನು ಎಷ್ಟೋ ಸಲ ಹೇಳಿದ್ದೇನೆ. ಎರಡನೆಯದಾಗಿ, ಸುಮಾ ಅವರು ಬಾಡಿಗೆಗೆ ಇರುವವರು. ಇದು ಮನೆ ಓನರ್ ಮಾತಾಡಬೇಕಾದ ವಿಷಯ. ಓನರ್ ಅಮೆರಿಕದಲ್ಲಿ ಕೂತಿದ್ದಾರೆ. ಸಂಘದ ಚಂದಾ ಎರಡು ವರ್ಷದಿಂದ ಬಾಕಿ.

ಸುಮಾ, 47 ಕೆಳಮನೆ, 7:51
ಬಾಡಿಗೆಯವರ ಮನೆಗೆ ಬಂದರೆ ಅದು ಮೋರಿ ನೀರಲ್ಲವಾ ರಾಯರೇ?

ಫಾತಿಮಾ ಆಂಟಿ, 49, 7:55
ಮರದ ಸುದ್ದಿಗೆ ಬರಬೇಡಿ ರಾಯರೇ. ಮಧ್ಯಾಹ್ನ ನಿಮ್ಮ ಸ್ಕೂಟರ್ ನಿಲ್ಲುವುದು ಅದೇ ನೆರಳಲ್ಲಿ.

ವೆಂಕಟೇಶ್, 18, 8:01
ಬೇರು ಇರಬಹುದು. ಹಳೇ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪಿನ ಜಾಯಿಂಟಿನಲ್ಲಿ ಬೇರು ನುಗ್ಗುವುದು ಮಾಮೂಲು. ಅದಕ್ಕೆ ಮರ ಕಡಿಯಬೇಕಿಲ್ಲ, ಆ ಜಾಯಿಂಟ್ ಬದಲಾಯಿಸಬೇಕು. ಮರ ಕಡಿಯಲು ಹೇಗೂ ಟ್ರೀ ಆಫೀಸರ್ ಅನುಮತಿ ಬೇಕು.

ರಾಯರು, 31, 8:10
ಸುಮ್ನೆ ಚರ್ಚೆ ಬೇಡ. ನನಗೆ ಗೊತ್ತಿರುವ ಒಬ್ಬ ಮಾರ್ಕೆಟ್ ಹತ್ತಿರ ಇದ್ದಾನೆ. 1,500 ಕೊಟ್ಟರೆ ಮ್ಯಾನ್‌ಹೋಲಿಗೆ ಇಳಿದು ಅರ್ಧ ಗಂಟೆಯಲ್ಲಿ ತೆಗೆಯುತ್ತಾನೆ. ಮೊದಲೆಲ್ಲ ಹಾಗೇ ಮಾಡಿಸುತ್ತಿದ್ದದ್ದು.

ವೆಂಕಟೇಶ್, 18, 8:12
ಬೇಡ ಸಾರ್. ಯಾರನ್ನೂ ಇಳಿಸುವಂತಿಲ್ಲ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಹೀಗೆ ಇಳಿಸುವುದು ಅಪರಾಧ, ಇಳಿಸಿದವರಿಗೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ. ಕಾಯ್ದೆ ಬಿಡಿ. ಒಳಗಿನ ಗ್ಯಾಸಿಗೆ ಮೊದಲನೆಯವನು ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ಹೀಗೆ ಸತ್ತವರ ಮನೆಯವರಿಗೆ ಪರಿಹಾರ 30 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಅಲ್ಲಿಗೆ ಬಂದಿದೆ ಪರಿಸ್ಥಿತಿ.

ಫಾತಿಮಾ ಆಂಟಿ, 49, 8:14
ನಮ್ಮ ರಸ್ತೆಯಲ್ಲಿ ಯಾರೂ ಇಳಿಯುವುದು ಬೇಡ. ಇಳಿಸುವುದಾದರೆ ನಾನೇ ಪೊಲೀಸರಿಗೆ ಫೋನ್ ಮಾಡುತ್ತೇನೆ.

ರಾಯರು, 31, 8:15
ಒಳ್ಳೆಯದಕ್ಕೆ ಹೇಳಿದರೆ ಹೀಗೆ.

ಲೋಕೇಶ್ (ಕಾರ್ಯದರ್ಶಿ), 8:40
ಎಲ್ಲರಿಗೂ ನಮಸ್ಕಾರ. ಈಗಷ್ಟೇ ನೋಡಿದೆ. ಬೆಂಗಳೂರು ಜಲಮಂಡಳಿ ಸಹಾಯವಾಣಿ 1916ಕ್ಕೆ ಫೋನ್ ಮಾಡಿ 49ರ ನೀರಿನ ಬಿಲ್ಲಿನ ಆರ್‌ಆರ್ ನಂಬರ್ ಕೊಟ್ಟು ದೂರು ಬರೆಸಿದ್ದೇನೆ. ಜೆಟ್ಟಿಂಗ್ ಗಾಡಿ (ಒತ್ತಡದ ನೀರು ಬಿಟ್ಟು ಕಟ್ಟಿದ ಲೈನ್ ತೆರೆಯುವ ಗಾಡಿ) ಮಧ್ಯಾಹ್ನ ಬರುತ್ತದಂತೆ. ದೂರಿನ ನಂಬರ್ ಸುಮಾ ಮೇಡಂಗೆ ಕಳಿಸಿದ್ದೇನೆ. ಅಲ್ಲಿಯವರೆಗೆ 31ರಿಂದ 49ರವರೆಗೆ ಎಲ್ಲರೂ ವಾಷಿಂಗ್ ಮೆಷಿನ್ ಹಾಕಬೇಡಿ.

ನವೀನ್, 44, 9:05
ಸುಮಾ ಮೇಡಂ, 499ಕ್ಕೇ ಮುಗಿಯಿತಲ್ಲ ಅಂತ ಸಮಾಧಾನ ಮಾಡಿಕೊಳ್ಳಿ. ನಮ್ಮ ತಮ್ಮ ಹೀಗೇ ಹುಡುಕಿದ ನಂಬರಿಗೆ ಫೋನ್ ಮಾಡಿದ್ದ. "ಬುಕಿಂಗಿಗೆ 10 ರೂಪಾಯಿ, ಲಿಂಕ್ ಒತ್ತಿ" ಅಂದರು. ಒತ್ತಿದ. ಪ್ಲಂಬರ್ ಬರಲಿಲ್ಲ, ಖಾತೆಯಿಂದ 18 ಸಾವಿರ ಹೋಯಿತು. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರಿಂದ ಸ್ವಲ್ಪ ದುಡ್ಡು ತಡೆಹಿಡಿದರು.

ಸುಮಾ, 47 ಕೆಳಮನೆ, 9:08
499ಕ್ಕೆ ಎಲ್ಲಿ ಮುಗಿಯಿತು, 3,500 ಯಾರು ಕೊಟ್ಟಿದ್ದು?

ಅನಿತಾ, 36, 9:15
ಇದೇ ನೆಪದಲ್ಲಿ ನಮ್ಮದೇ ಒಂದು ಪಟ್ಟಿ ಮಾಡೋಣ. ಪ್ಲಂಬರ್, ಎಲೆಕ್ಟ್ರಿಷಿಯನ್, ಎಲ್ಲ. ಯಾರ ಮನೆಯಲ್ಲಿ ಏನು ಕೆಲಸ ಮಾಡಿದ, ಎಷ್ಟು ತೆಗೆದುಕೊಂಡ, ಮತ್ತೆ ಕರೆಯುತ್ತೀರಾ ಇಲ್ಲವಾ ಅಂತ ಬರೆದರೆ ಸಾಕು. ಶೀಟ್ ಲಿಂಕ್ ಹಾಕಿದ್ದೇನೆ, ಎಲ್ಲರೂ ತುಂಬಿ.

ವೆಂಕಟೇಶ್, 18, 9:32
ಒಳ್ಳೆ ಯೋಚನೆ ಅನಿತಾ ಮೇಡಂ. ಆನ್‌ಲೈನಿನಲ್ಲೇ ಹುಡುಕಬೇಕಾಗಿ ಬಂದರೂ ಸ್ವಲ್ಪ ನೋಡಿಕೊಳ್ಳಬಹುದು. ಎಲ್ಲಕ್ಕಿಂತ ಮೇಲೆ "ಸ್ಪಾನ್ಸರ್ಡ್" ಅಂತ ಬರುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಫೋನ್ ಎತ್ತುವವರು ಎಷ್ಟೋ ಸಲ ಕಾಲ್ ಸೆಂಟರಿನವರು, ಕೆಲಸದವನು ಯಾರು ಅಂತ ಅವರಿಗೂ ಗೊತ್ತಿರಲ್ಲ. ಹೊಗಳಿಕೆ ಬಿಟ್ಟು ಒಂದು ಸ್ಟಾರ್ ಕೊಟ್ಟವರು ಬರೆದದ್ದನ್ನು ಓದಿ. ಫೋನಿನಲ್ಲೇ ಕೇಳಿ: ಅಂಗಡಿ ಎಲ್ಲಿದೆ, ಪೈಪಿನೊಳಗೆ ತಿರುಗಿ ಕಸ ಬಿಡಿಸುವ ಸ್ಪ್ರಿಂಗ್ ಮೆಷಿನ್ ಇದೆಯಾ, ಬರುವ ಚಾರ್ಜ್ ಬಿಲ್ಲಿನಲ್ಲಿ ಕಳೆಯುತ್ತೀರಾ. ಒಡೆಯಬೇಕು ಅಂದರೆ ಪೈಪಿನೊಳಗೆ ಕ್ಯಾಮೆರಾ ಇಳಿಸಿ ತೋರಿಸು ಅನ್ನಿ. ತೋರಿಸಲು ಆಗದಿದ್ದರೆ ಇನ್ನೊಬ್ಬನನ್ನು ಕರೆಯಿರಿ.
ಕೆಲಸ ಮುಗಿದ ಮೇಲೆ ನಾಲ್ಕೈದು ಬಕೆಟ್ ನೀರು ಒಂದೇ ಸಲ ಸುರಿಸಿ, ಚೇಂಬರಿನಲ್ಲಿ ಸರಾಗ ಹೋಗುವುದನ್ನು ಕಣ್ಣಾರೆ ನೋಡಿ ದುಡ್ಡು ಕೊಡಿ. ರಾತ್ರಿ ನೀರು ಇಳಿದದ್ದು ಬಹುಶಃ ಅವನ ರಾಡಿನಿಂದಲ್ಲ ಸುಮಕ್ಕ, ಮಳೆ ನಿಂತದ್ದರಿಂದ.
ಇನ್ನೊಂದು. ಮನೆ ತಗ್ಗಿನಲ್ಲಿ ಇರುವುದರಿಂದ ಕೊನೆಯ ಚೇಂಬರಿನಲ್ಲಿ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ರಸ್ತೆ ನೀರು ವಾಪಸ್ ನುಗ್ಗಲ್ಲ. ಆಗಾಗ ಕ್ಲೀನ್ ಮಾಡಿಸಬೇಕು, ಕಸ ಸಿಕ್ಕಿಕೊಂಡರೆ ಮುಚ್ಚಿಕೊಳ್ಳಲ್ಲ.

ರಾಯರು, 31, 10:02
ಪಟ್ಟಿಗೆ ಒಂದು ನಿಯಮಾವಳಿ ಬೇಕು. ಯಾರು ಬೇಕಾದರೂ ಬರೆಯುವುದಾದರೆ ಬೆಲೆ ಏನು? ಸಮಿತಿ ಮಾಡಿ. ನಾನು ಅಧ್ಯಕ್ಷನಾಗಲು ಸಿದ್ಧ.

ಪವನ್, 40, 11:20
ಶೀಟ್ ನೋಡಿದೆ. ಇಲ್ಲಿಯವರೆಗೆ ಸೇರಿದವರು: ತೆಂಗಿನಕಾಯಿ ಕೀಳುವವನು, ಹಾಲಿನವನು, ಶಾರದಮ್ಮನ ಜ್ಯೋತಿಷಿ. "ಮತ್ತೆ ಕರೆಯುತ್ತೀರಾ" ಕಾಲಮ್ಮಿನಲ್ಲಿ ಜ್ಯೋತಿಷಿಗೆ ಮಾತ್ರ "ಖಂಡಿತ".

ಸುಮಾ, 47 ಕೆಳಮನೆ, ಮಧ್ಯಾಹ್ನ 2:47
ಜೆಟ್ಟಿಂಗ್ ಗಾಡಿ ಬಂದಿದೆ. ಆದರೆ 51ರ ಮುಂದೆ ಮ್ಯಾನ್‌ಹೋಲ್ ಮೇಲೆ ಬಿಳಿ ಕಾರು ನಿಂತಿದೆ. ಕೆಳಗಿನ ಮ್ಯಾನ್‌ಹೋಲಿನಿಂದ ಪೈಪ್ ಬಿಡಬೇಕಂತೆ. ಅರ್ಧ ಗಂಟೆ ಕಾಯುತ್ತೇವೆ ಅಂದಿದ್ದಾರೆ. ಯಾರ ಕಾರು? ಬೇಗ!

ನಾಗರಾಜ್, 51, 2:50
ನಮ್ಮದಲ್ಲ. ನಮ್ಮ ಗೇಟಿಗೂ ದಿನಾ ಅಡ್ಡ ನಿಲ್ಲಿಸುತ್ತಾರೆ. ಪಿಜಿ ಹುಡುಗರದ್ದಿರಬೇಕು.

ಗಿರೀಶ್, 52 ಪಿಜಿ, 2:52
ನಮ್ಮ ಹುಡುಗರಿಗೆ ಕಾರು ಇದ್ದರೆ ಪಿಜಿಯಲ್ಲಿ ಯಾಕೆ ಇರುತ್ತಿದ್ದರು? ನಂಬರ್ ಪ್ಲೇಟ್ ಫೋಟೋ ಹಾಕಿ.

ಅನಿತಾ, 36, 2:58
ಇದು ರಾಯರ ಅಳಿಯಂದಿರ ಕಾರು ಅಲ್ವಾ?

ರಾಯರು, 31, 3:34
ಮಧ್ಯಾಹ್ನ ಮಲಗಿದ್ದೆ. ಅಳಿಯ ಕಾರಿನ ಬೀಗದ ಕೈ ತೆಗೆದುಕೊಂಡು ಮೆಟ್ರೋದಲ್ಲಿ ಮಾರತ್ತಹಳ್ಳಿ ಕಡೆ ಹೋಗಿದ್ದಾನೆ. ನಮ್ಮ ಮನೆ ಮುಂದೆ ನಿಲ್ಲಿಸಲು ಜಾಗ ಎಲ್ಲಿ ಬಿಟ್ಟಿದ್ದೀರಿ? 29ರವರು ಎರಡು ಕಾರು, ಒಂದು ಹೂಕುಂಡ ಇಟ್ಟಿದ್ದಾರೆ.

ಪವನ್, 40, 3:35
ಮಾರತ್ತಹಳ್ಳಿಗೆ ಮೆಟ್ರೋ ಬಂತಾ? ಯಾರಾದರೂ ನನಗೆ ಹೇಳಬಾರದಾ?

29 ಮೇಲ್ಮನೆ, 3:41
ಹೂಕುಂಡ ನಮ್ಮ ಗೇಟಿನ ಮುಂದೆ ಇದೆ. ನಿಮಗೇನು ತೊಂದರೆ?

ಸುಮಾ, 47 ಕೆಳಮನೆ, 3:44
ಗಾಡಿಯವರು ಇನ್ನೊಂದು ದೂರಿಗೆ ಹೊರಟರು. ನಾಳೆ ಬೆಳಗ್ಗೆ ಬರುತ್ತಾರಂತೆ, ಜಾಗ ಖಾಲಿ ಇರಬೇಕು ಅಂದಿದ್ದಾರೆ. ಯಾರಾದರೂ ಆ ಕಾರು ತೆಗೆಸುವ ಜವಾಬ್ದಾರಿ ತೆಗೆದುಕೊಳ್ಳಿ, ದಯವಿಟ್ಟು.

ನಾಗರಾಜ್, 51, 3:50
ಒಂದು ಕಾರಿನ ವಿಷಯ ಅಲ್ಲ ಇದು. ಪಾರ್ಕಿಂಗಿಗೆ ಒಂದು ನಿಯಮ ಆಗಲೇಬೇಕು. ಆಂಬುಲೆನ್ಸ್ ಬಂದರೂ ಇದೇ ಗತಿ.

29 ಮೇಲ್ಮನೆ, 3:52
ಒಪ್ಪಿಗೆ. ಅತಿಥಿಗಳ ಕಾರಿಗೂ ನಿಯಮ ಬೇಕು. ಅಳಿಯಂದಿರು ಸೇರಿ.

ರಾಯರು, 31, 3:55
ವೈಯಕ್ತಿಕ ಮಟ್ಟಕ್ಕೆ ಇಳಿಯಬೇಡಿ.

ಲೋಕೇಶ್ (ಕಾರ್ಯದರ್ಶಿ), ಸಂಜೆ 6:15
ಭಾನುವಾರ ಸಂಜೆ ಪಾರ್ಕಿನಲ್ಲಿ ಸಭೆ ಇಟ್ಟಿದ್ದೇನೆ. ವಿಷಯ: 1) ಪಾರ್ಕಿಂಗ್ 2) ಚಂದಾ ಬಾಕಿ 3) ಇತರೆ. ಅದಕ್ಕೂ ಮೊದಲು ಒಂದು ವೋಟ್ ಹಾಕಿದ್ದೇನೆ: ರಸ್ತೆಯ ಎಡಗಡೆ ಮಾತ್ರ ಪಾರ್ಕಿಂಗ್ ಬೇಕಾ? ಬೇಕು / ಬೇಡ.

ಅನಿತಾ, 36, 6:18
ಪ್ಲಂಬರ್ ಪಟ್ಟಿ, ಮಳೆ ಪೈಪ್, ಇವೆಲ್ಲ "ಇತರೆ"ಯಲ್ಲಾ ಸಾರ್?

ಲೋಕೇಶ್ (ಕಾರ್ಯದರ್ಶಿ), 6:19
ಸಮಯ ಉಳಿದರೆ ಖಂಡಿತ ಮೇಡಂ.

ಶಾರದಮ್ಮ, 22, 6:40
ನಾನು ಬೇಕು ಅಂತ ಒತ್ತಿದೆ. ಯಾವುದಕ್ಕೆ ಅಂತ ಯಾರಾದರೂ ಹೇಳಿ.

ನಾಗರಾಜ್, 51, 6:52
ಎಡಗಡೆ ಅಂದರೆ ಮೇನ್ ರೋಡಿನಿಂದ ಬಂದರೆ ಎಡಗಡೆಯಾ, ಪಾರ್ಕಿನ ಕಡೆಯಿಂದ ಬಂದರೆ ಎಡಗಡೆಯಾ?