ಪುಟ್ಟ, ಮಹಡಿ ಕಟ್ಟಿಸುವ ಮುಂಚೆ ಇದನ್ನು ಕೇಳು

ಪುಟ್ಟ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಇನ್ನು ಮೂರು ವರ್ಷ, 58ಕ್ಕೆ ಕೆಲಸ ಬಿಟ್ಟು, ಬರುವ ದುಡ್ಡನ್ನೆಲ್ಲ ಹಾಕಿ ಮಹಡಿ ಕಟ್ಟಿಸಿ, ಕೆಳಗಡೆ ಬಾಡಿಗೆಗೆ ಕೊಟ್ಟು ನೀವಿಬ್ಬರೂ ಮೇಲೆ ಹೋಗುತ್ತೀರಿ ಅಂತ. ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದ್ದಾರೆ. ನಾನೊಬ್ಬಳು ಅಡ್ಡ ಮಾತಾಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನಿಮ್ಮ ಭಾವನ ಡೈರಿ ನಿನಗೆ ಗೊತ್ತಲ್ಲ. 60ಕ್ಕೆ ರಿಟೈರ್, 61ಕ್ಕೆ ಕಾಶಿ, ಮಗಳ ಮದುವೆಗೆ ಇಷ್ಟು, ಎಲ್ಲ ಬರೆದಿಟ್ಟಿದ್ದರು. ಆಸ್ಪತ್ರೆಗೆ ಒಂದೇ ಸಾಲು, ವರ್ಷಕ್ಕೆ 20,000. 57ಕ್ಕೆ ಸ್ಟ್ರೋಕ್ ಆಯಿತು. ಆಸ್ಪತ್ರೆ ಬಿಲ್ಲನ್ನು ಕಂಪನಿ ಇನ್ಶೂರೆನ್ಸ್ ಹೆಚ್ಚುಕಮ್ಮಿ ಪೂರ್ತಿ ಕಟ್ಟಿತು, ಸುಳ್ಳು ಹೇಳಬಾರದು. ಖರ್ಚು ಶುರುವಾಗಿದ್ದೇ ಮನೆಗೆ ಬಂದ ಮೇಲೆ. ದಿನಾ ಫಿಸಿಯೋಥೆರಪಿ, ರಾತ್ರಿ ನೋಡಿಕೊಳ್ಳಲು ಒಬ್ಬ ಹುಡುಗ, ಡೈಪರ್, ಬಾಡಿಗೆ ವೀಲ್‌ಚೇರ್. ಇದಕ್ಕೆಲ್ಲ ಆ ಪಾಲಿಸಿಯಲ್ಲಿ ಒಂದು ಪೈಸೆ ಇರಲಿಲ್ಲ. ಆರು ತಿಂಗಳಾದ ಮೇಲೆ ನಾನೂ ಸ್ಕೂಲ್ ಕೆಲಸ ಬಿಟ್ಟೆ. ಆಗ ನನಗೆ 52. ಡೈರಿಯಲ್ಲಿ ಆ ಸಾಲು ಇರಲೇ ಇಲ್ಲ. ಅವರು ಕೆಲಸ ಬಿಟ್ಟ ಮೇಲೆ ಕಂಪನಿ ಪಾಲಿಸಿಯೂ ಹೋಯಿತು. ಸ್ಟ್ರೋಕ್ ಆದವರಿಗೆ ಹೊಸದಾಗಿ ಕೊಡುವವರು ನಮಗೆ ಯಾರೂ ಸಿಗಲಿಲ್ಲ.

ನಿನಗೂ ಈಗ ಇರುವುದು ಆಫೀಸಿನ ಪಾಲಿಸಿ ಒಂದೇ, ಅಲ್ವಾ? ಅಪ್ಪ ನಮಗೆ ಬಿಟ್ಟುಹೋಗಿದ್ದು ಸೈಟು ಮಾತ್ರ ಅಲ್ಲ, ಶುಗರ್ ಕೂಡ. ಈ ತಿಂಗಳೇ ನಿಮ್ಮಿಬ್ಬರ ಹೆಸರಲ್ಲಿ ಸ್ವಂತ ಪಾಲಿಸಿ ಮಾಡಿಸು. ಮೊದಲೇ ಇರುವ ಕಾಯಿಲೆಯ ಖರ್ಚು ಕೊಡಲು ಇನ್ಶೂರೆನ್ಸ್‌ನವರು ಈಗ ಹೆಚ್ಚೆಂದರೆ 3 ವರ್ಷ ಕಾಯಿಸಬಹುದು, ಮುಂಚೆ 4 ಇತ್ತು. ಇವತ್ತು ಮಾಡಿಸಿದರೆ ನೀನು ಕೆಲಸ ಬಿಡುವ ಹೊತ್ತಿಗೆ ಆ ಕಾಯುವುದು ಸರಿಯಾಗಿ ಮುಗಿಯುತ್ತದೆ. ಫಾರಂನಲ್ಲಿ ಶುಗರ್ ಇದೆ ಅಂತ ಬರೆ. "ಸುಮ್ನೆ ಯಾಕೆ ಸಾರ್, ಬಿಟ್ಟುಬಿಡಿ" ಅನ್ನುವ ಏಜೆಂಟ್ ಒಬ್ಬ ಸಿಕ್ಕೇ ಸಿಗುತ್ತಾನೆ. ಅವನ ಮಾತು ಕೇಳಿದರೆ ಕ್ಲೇಮ್ ಹೊತ್ತಲ್ಲಿ ಅಳುವುದು ನಾವು. 2025ರ ಸೆಪ್ಟೆಂಬರ್‌ನಿಂದ ಪ್ರೀಮಿಯಂ ಮೇಲೆ ಜಿಎಸ್‌ಟಿ ಕೂಡ ಇಲ್ಲ.

ಚಿಕ್ಕಪ್ಪ ಹೇಳಿದ ಆಯುಷ್ಮಾನ್ ಕಾರ್ಡು ಒಳ್ಳೆಯದೇ, ವರ್ಷಕ್ಕೆ 5 ಲಕ್ಷ, ಆದಾಯ ಕೇಳುವುದಿಲ್ಲ. ಆದರೆ ವಯಸ್ಸಿನ ಲೆಕ್ಕದಲ್ಲಿ ಕೊಡುವುದು 70 ತುಂಬಿದವರಿಗೆ. 58ರಿಂದ 70ರವರೆಗೆ 12 ವರ್ಷ ಯಾರು ನೋಡುತ್ತಾರೆ?

ಮಹಡಿ ಬೇಡ ಅನ್ನುತ್ತಿಲ್ಲ. ದುಡ್ಡನ್ನೆಲ್ಲ ಇಟ್ಟಿಗೆಗೆ ಸುರಿಯಬೇಡ. ಗೋಡೆ ಒಡೆದು ಆಸ್ಪತ್ರೆ ಬಿಲ್ ಕಟ್ಟಲು ಆಗುತ್ತಾ? ಪೋಸ್ಟ್ ಆಫೀಸಿನ ಸೀನಿಯರ್ ಸಿಟಿಜನ್ ಸ್ಕೀಮಿಗೆ 60 ಆಗಬೇಕು ಅಂತ ನೀನು ಅಂದುಕೊಂಡಿದ್ದೀಯ. 55 ಆಗಿ ರಿಟೈರ್ ಆದವರೂ ರಿಟೈರ್‌ಮೆಂಟ್ ದುಡ್ಡು ಕೈಗೆ ಬಂದ 3 ತಿಂಗಳೊಳಗೆ ಹಾಕಬಹುದು. ಒಂದಿಷ್ಟು ಅಲ್ಲಿಡು. ಇನ್ನೊಂದಿಷ್ಟು ಯಾವಾಗ ಬೇಕಾದರೂ ತೆಗೆಯುವ ಹಾಗೆ ಬ್ಯಾಂಕಿನಲ್ಲೇ ಇರಲಿ.

ಆಮೇಲೆ, ಬಾಡಿಗೆಯವರನ್ನು ಮೇಲೆ ಹಾಕು, ನೀವು ಕೆಳಗೇ ಇರಿ. ನಿನ್ನ ಹೆಂಡತಿಗೆ ಈಗಲೇ ಮಂಡಿ ನೋವು, ಅವಳು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಬಚ್ಚಲಿನ ಬಾಗಿಲು ಎರಡೇ ಅಡಿ ಇತ್ತು. ಭಾವನನ್ನು ಮನೆಗೆ ಕರೆತಂದ ದಿನ ವೀಲ್‌ಚೇರ್ ಹೊಸಿಲಲ್ಲೇ ಸಿಕ್ಕಿಕೊಂಡಿತು. ಅವರು ಒಂದು ಕೈಯಲ್ಲಿ ಚೌಕಟ್ಟು ಹಿಡಿದುಕೊಂಡು ನನ್ನ ಮುಖ ನೋಡಿದರು. ಮಾರನೇ ದಿನ ಮೇಸ್ತ್ರಿ ಬಂದು ಗೋಡೆ ಒಡೆದ. ಮನೆ ತುಂಬಾ ಧೂಳು, ಅವರು ಹಾಲಿನಲ್ಲಿ ಕೆಮ್ಮುತ್ತಾ ಮಲಗಿದ್ದರು.

ಸರಿ, ಫಿಸಿಯೋ ಹುಡುಗ ಬಂದ, ಇಡುತ್ತೇನೆ. ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ. ಬರುವಾಗ ಮನೆ ಪ್ಲಾನ್ ತಗೊಂಡು ಬಾ, ಬಾಗಿಲಿನ ಅಳತೆ ಭಾವ ನೋಡಬೇಕಂತೆ.