ತಾಮ್ರದ ಲ್ಯಾಂಡ್‌ಲೈನ್ ಬಿಟ್ಟು ಫೈಬರ್ ಫೋನ್: ನಾಗರಾಜ್ ಅವರಿಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹಳೇ ತಾಮ್ರದ ತಂತಿಯ ಲ್ಯಾಂಡ್‌ಲೈನ್ ತೆಗೆಸಿ ಫೈಬರ್ ಮೂಲಕ ಇಂಟರ್ನೆಟ್ ಫೋನ್ ಹಾಕಿಸುವ ಬಗ್ಗೆ ಗುಂಪಿನಲ್ಲಿ ದಿನಾ ಪ್ರಶ್ನೆ ಬರ್ತಿದೆ. ಫೈಬರ್ ಜೋಡಣೆ, ಮನೆಯೊಳಗಿನ ಫೋನ್ ವೈರಿಂಗ್ ಎರಡೂ ಮಾಡುವ ನಾಗರಾಜ್ ಇವತ್ತು ಉತ್ತರ ಕೊಡ್ತಾರೆ. ದಯವಿಟ್ಟು ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಬೇಡ.

ಗಿರೀಶ್: ಸರ್, ನಮ್ಮ ಹಳೇ 080 ನಂಬರ್ ಉಳಿಯುತ್ತಾ?

ನಾಗರಾಜ್: ಅದೇ ಕಂಪನಿಯಲ್ಲಿ ತಾಮ್ರದಿಂದ ಫೈಬರ್‌ಗೆ ಹೋದರೆ ಉಳಿಸಿಕೊಳ್ಳಬಹುದು. ಅರ್ಜಿಯಲ್ಲೇ ‘ಹಳೇ ನಂಬರ್ ಮುಂದುವರಿಸಿ’ ಅಂತ ಬರೆಸಿ, ಬಾಯಿಮಾತಲ್ಲಿ ಬಿಡಬೇಡಿ. ಬೇರೆ ಕಂಪನಿಗೆ ಹೋದರೆ ಉಳಿಯಲ್ಲ. ನಂಬರ್ ಪೋರ್ಟ್ ಮಾಡೋದು ನಮ್ಮ ದೇಶದಲ್ಲಿ ಮೊಬೈಲಿಗೆ ಮಾತ್ರ. ಬ್ಯಾಂಕು, ಗ್ಯಾಸು, ವಿಮೆ ಎಲ್ಲ ಕಡೆ ಹೊಸ ನಂಬರ್ ಕೊಟ್ಟಾದ ಮೇಲೆಯೇ ಹಳೆಯದನ್ನು ಸರೆಂಡರ್ ಮಾಡಿ.

ಶೋಭಾ: ಹಳೇ ಫೋನ್ ಸೆಟ್ಟೇ ನಡೆಯುತ್ತಾ, ಹೊಸದು ತಗೋಬೇಕಾ?

ನಾಗರಾಜ್: ಬಟನ್ ಸೆಟ್ ಆದರೆ ನಡೆಯುತ್ತೆ. ಸೆಟ್ಟಿನ ಅಡಿಯಲ್ಲೋ ಪಕ್ಕದಲ್ಲೋ ಪಲ್ಸ್–ಟೋನ್ ಸ್ವಿಚ್ ಇದ್ದರೆ ಟೋನ್‌ಗೆ ಹಾಕಿ. ಬೆರಳಲ್ಲಿ ತಿರುಗಿಸುವ ಡಯಲ್ ಸೆಟ್ಟಿಗೆ ಕರೆ ಬರುತ್ತೆ, ಮಾತಾಡಬಹುದು, ಆದರೆ ಅದರಿಂದ ಡಯಲ್ ಮಾಡಕ್ಕೆ ಹೆಚ್ಚಿನ ಓಎನ್‌ಟಿಗಳಲ್ಲಿ (ಫೈಬರ್ ಬಂದು ಸೇರುವ ಮನೆಯ ಪೆಟ್ಟಿಗೆ) ಆಗಲ್ಲ. ಡಯಲ್ ತಿರುಗಿದಾಗ ಹೋಗುವ ಪಲ್ಸ್ ಎಣಿಸುವ ವ್ಯವಸ್ಥೆ ಅವುಗಳಲ್ಲಿಲ್ಲ.

ಶ್ರೀಧರ: ನಮಸ್ಕಾರ ನಾಗರಾಜಣ್ಣ. ಊರು ತೀರ್ಥಹಳ್ಳಿಯ ಕಡೆ, ತೋಟದ ಮನೆ. ಅಮ್ಮನಿಗೆ 78, ಹೃದಯದ ತೊಂದರೆ ಇದೆ, ಒಬ್ಬರೇ ಇರ್ತಾರೆ. ಮನೆಯೊಳಗೆ ಯಾವ ಮೊಬೈಲಿಗೂ ಸಿಗ್ನಲ್ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಒಂದಿಡೀ ದಿನ ಬರಲ್ಲ. ತಾಮ್ರದ ಲೈನಿನಲ್ಲಿ ನಾಲ್ಕು ಕಡೆ ಫೋನ್ ಇದೆ: ಜಗಲಿ, ಅಡುಗೆಮನೆ, ಮಲಗುವ ಕೋಣೆ, ಕೊಟ್ಟಿಗೆ. ಮುಂದಿನ ವಾರ ಫೈಬರ್‌ಗೆ ಬದಲಿಸ್ತೀವಿ ಅಂತ ಕಂಪನಿಯವರು ಹೇಳಿದ್ದಾರೆ. ಏನೇನು ನೋಡ್ಕೋಬೇಕು?

ನಾಗರಾಜ್: ಶ್ರೀಧರ, ಇದು ಅವಸರದ ಕೆಲಸ ಅಲ್ಲ. ಉದ್ದ ಬರೀತೀನಿ, ಪೂರ್ತಿ ಓದಿ.

ತಾಮ್ರದ ಲೈನು ತನಗೆ ಬೇಕಾದ ಕರೆಂಟನ್ನು ಎಕ್ಸ್‌ಚೇಂಜಿನಿಂದಲೇ ತರುತ್ತೆ, 48 ವೋಲ್ಟ್ ಡಿಸಿ. ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಡಯಲ್ ಟೋನ್ ಬರ್ತಿದ್ದದ್ದು ಅದಕ್ಕೇ. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಬರೋದು ಬೆಳಕು ಮಾತ್ರ. ನಿಮ್ಮ ಮನೆಯ ಓಎನ್‌ಟಿ ಪೆಟ್ಟಿಗೆ ಆರಿದ ಕ್ಷಣ ಫೋನೂ ಸತ್ತ ಹಾಗೆ. ಹಳೇ ನಂಬರೇ ಫೈಬರ್‌ಗೆ ಹೋಗುವುದಾದರೆ ತಾಮ್ರದ ಲೈನ್ ಅವತ್ತೇ ನಿಲ್ಲುತ್ತೆ. ಹಾಗಾಗಿ ಬ್ಯಾಕಪ್ ಮನೆಗೆ ಬಂದು, ಪರೀಕ್ಷೆ ಆಗುವವರೆಗೆ ದಿನಾಂಕ ಮುಂದೂಡಿಸಿ.

ಬ್ಯಾಕಪ್ ಲೆಕ್ಕ. ಓಎನ್‌ಟಿ ಅಡಾಪ್ಟರ್ ಮೇಲೆ ನೋಡಿ, ಸಾಮಾನ್ಯವಾಗಿ 12 ವೋಲ್ಟ್, 1 ರಿಂದ 2 ಆಂಪ್ ಬರೆದಿರುತ್ತೆ. ವೈಫೈ ಸೇರಿ ನಿಜವಾಗಿ ಎಳೆಯೋದು 8 ವ್ಯಾಟ್ ಆಸುಪಾಸು. ಅಂಗಡಿಯಲ್ಲಿ ಸಿಗುವ ಮಿನಿ ಯುಪಿಎಸ್ ಮೇಲೆ 10,400 ಎಂಎಎಚ್ ಅಂತ ದೊಡ್ಡದಾಗಿ ಇರುತ್ತೆ. ಅದು 3.7 ವೋಲ್ಟಿನ ಲೆಕ್ಕ, ಅಂದರೆ 38 ವ್ಯಾಟ್‌ಅವರ್. ನಷ್ಟ ಕಳೆದರೆ ಮೂರೂವರೆ, ನಾಲ್ಕು ಗಂಟೆ ಬರುತ್ತೆ. ನಿಮ್ಮ ಊರಿಗೆ ಅದೊಂದೇ ಸಾಲದು. 150 ಆಂಪಿಯರ್‌ಅವರ್ ಬ್ಯಾಟರಿಯ ಇನ್ವರ್ಟರ್ ಇದ್ದು, ಬೇರೇನೂ ಉರಿಸದಿದ್ದರೆ ಒಂದು ದಿನ ಮೀರಿ ಎಳೆಯುತ್ತೆ. ಇನ್ವರ್ಟರ್ ತಾನೇ 15–20 ವ್ಯಾಟ್ ತಿನ್ನುತ್ತೆ, ಅದನ್ನೂ ಸೇರಿಸಿದ ಲೆಕ್ಕ ಇದು. ಆದರೆ ಫ್ಯಾನು, ಟಿವಿ ಅದರ ಮೇಲಿದ್ದರೆ ರಾತ್ರಿಯೊಳಗೆ ಖಾಲಿ. ಎರಡನ್ನೂ ಸರಣಿಯಲ್ಲಿ ಇಡಿ: ಇನ್ವರ್ಟರ್ ಸಾಕೆಟ್, ಅದಕ್ಕೆ ಮಿನಿ ಯುಪಿಎಸ್, ಅದರಿಂದ ಓಎನ್‌ಟಿ. ಹೀಗಿಟ್ಟರೆ ಕರೆಂಟ್ ಹೋಗಿ ಬಂದಾಗ ಓಎನ್‌ಟಿ ರೀಸ್ಟಾರ್ಟ್ ಆಗಲ್ಲ. ರೀಸ್ಟಾರ್ಟ್ ಆದರೆ ಫೋನ್ ಮತ್ತೆ ಜೀವ ಬರಕ್ಕೆ ಎರಡು ಮೂರು ನಿಮಿಷ ಬೇಕು.

ಇನ್ನೊಂದು ತುದಿಯನ್ನೂ ಕೇಳಿ. ಮಧ್ಯದಲ್ಲಿ ಬೆಳಕು ಹಂಚುವ ಸ್ಪ್ಲಿಟರ್‌ಗಳಿಗೆ ಕರೆಂಟ್ ಬೇಡ, ಆದರೆ ಓಎಲ್‌ಟಿ, ಅಂದರೆ ಕಂಪನಿ ಕಡೆಯ ಪೆಟ್ಟಿಗೆ, ಇಟ್ಟಿರುವ ಜಾಗಕ್ಕೆ ಬೇಕು. ಅದು ಎಕ್ಸ್‌ಚೇಂಜಿನಲ್ಲಿ ಜನರೇಟರ್ ಜೊತೆ ಇದೆಯೋ, ಯಾರದೋ ಅಂಗಡಿಯ ಹಿಂದೆ ಒಂದು ಬ್ಯಾಟರಿ ಮೇಲಿದೆಯೋ? ಅಲ್ಲಿ ನಾಲ್ಕೇ ಗಂಟೆಯಲ್ಲಿ ಆರಿದರೆ ನಿಮ್ಮ ಇನ್ವರ್ಟರ್ ಎಷ್ಟಿದ್ದರೂ ಪ್ರಯೋಜನ ಇಲ್ಲ. ಲೈನ್‌ಮನ್ ಹತ್ರ ನೇರವಾಗಿ ಕೇಳಿ.

ಈಗ ನಾಲ್ಕು ಫೋನ್. ಓಎನ್‌ಟಿಯ ಫೋನ್ ಪೋರ್ಟಿನಿಂದ ಒಂದು ಆರ್‌ಜೆ-11 ವೈರ್ ತಂದು ಮನೆಯ ಯಾವುದಾದರೂ ಒಂದು ಸಾಕೆಟ್ಟಿಗೆ ಕೊಟ್ಟರೆ ಎಲ್ಲ ಕಡೆಯೂ ಟೋನ್ ಬರುತ್ತೆ. ಆದರೆ ಅದಕ್ಕೂ ಮುಂಚೆ ಹೊರಗಿನಿಂದ ಬರುವ ತಾಮ್ರದ ಜೋಡಿಯನ್ನು ರೋಸೆಟ್ ಬಾಕ್ಸಿನಲ್ಲಿ (ಹೊರಗಿನ ತಂತಿ ಬಂದು ಸೇರುವ ಗೋಡೆಯ ಡಬ್ಬಿ) ಬಿಚ್ಚಲೇಬೇಕು. ಎರಡೂ ತಂತಿ ಸ್ಕ್ರೂ ಸಡಿಲಿಸಿ ತೆಗೆದು, ಬೇರೆ ಬೇರೆಯಾಗಿ ಟೇಪ್ ಸುತ್ತಿ. ಆಮೇಲೆ ಮನೆಯೊಳಗಿನ ಜೋಡಿಗೆ ಮಲ್ಟಿಮೀಟರ್ ಇಟ್ಟು ಸೊನ್ನೆ ವೋಲ್ಟ್ ಇದೆಯಾ ನೋಡಿ. 48 ತೋರಿಸಿದರೆ ತಪ್ಪು ಜೋಡಿ ಬಿಚ್ಚಿದ್ದೀರಿ. ಹಾಗೇ ಬಿಟ್ಟು ಓಎನ್‌ಟಿ ಕೊಟ್ಟರೆ ಎಕ್ಸ್‌ಚೇಂಜಿನ ವೋಲ್ಟೇಜ್ ಫೋನ್ ಪೋರ್ಟಿನೊಳಗೆ ನುಗ್ಗಿ ಪೋರ್ಟ್ ಸುಟ್ಟುಹೋಗುತ್ತೆ. ಇಂಟರ್ನೆಟ್ ಮಾತ್ರ ಚೆನ್ನಾಗಿ ನಡೀತಾ ಇರುತ್ತೆ, ಹಾಗಾಗಿ ಕಾರಣ ಯಾರಿಗೂ ಹೊಳೆಯಲ್ಲ. ಹಳೇ ಬ್ರಾಡ್‌ಬ್ಯಾಂಡಿನ ಸ್ಪ್ಲಿಟರ್ ಡಬ್ಬಿ ಇದ್ದರೆ ಅದನ್ನೂ ತೆಗೆಯಿರಿ.

ಕೊಟ್ಟಿಗೆಗೆ ಬಯಲಲ್ಲಿ ಹೋಗಿರುವ ತಂತಿಯನ್ನು ಕಡಿದುಬಿಡಿ. ಸಿಡಿಲಿನ ಉಬ್ಬರ ಆ ತಂತಿಯಲ್ಲೇ ಒಳಗೆ ಬಂದು ಓಎನ್‌ಟಿ ಹೊಡೆಯುತ್ತೆ. ಫೈಬರ್ ಗಾಜೇ ಆದರೂ ಹೊರಗಿನ ಡ್ರಾಪ್ ಕೇಬಲ್‌ಗೆ ಆಧಾರಕ್ಕೆ ಉಕ್ಕಿನ ತಂತಿ ಇದ್ದರೆ ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು, ಒಳಗೆ ತರಬಾರದು. ಉಳಿದ ಮೂರರಲ್ಲಿ ಹಳೇ ಲೋಹದ ಗಂಟೆಯ ಸೆಟ್ ಎರಡಿದ್ದರೆ ಒಂದನ್ನು ತೆಗೆಯಿರಿ. ಓಎನ್‌ಟಿಯ ಪೋರ್ಟಿಗೆ ಎಕ್ಸ್‌ಚೇಂಜಿನಷ್ಟು ಶಕ್ತಿ ಇಲ್ಲ, ಗಂಟೆ ಕ್ಷೀಣ ಆಗುತ್ತೆ.

ಅಮ್ಮನ ಹಾಸಿಗೆ ಪಕ್ಕ ವೈರ್ ಇರುವ ಸಾದಾ ಸೆಟ್ಟೇ ಇರಲಿ, ಕಾರ್ಡ್‌ಲೆಸ್ ಬೇಡ. ಕಾರ್ಡ್‌ಲೆಸ್ ಬೇಸಿಗೆ ಬೇರೆ ಕರೆಂಟ್ ಬೇಕು. ಎಲ್ಲ ಆದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಎಷ್ಟು ಗಂಟೆ ಟೋನ್ ಇರುತ್ತೆ ಅಂತ ಗಡಿಯಾರ ಇಟ್ಟು ನೋಡಿ. ಆ ಸಂಖ್ಯೆ ಬಂದ ಮೇಲೆ ಮತ್ತೆ ಬರೆಯಿರಿ.

ಪ್ರಕಾಶ್: ಇಷ್ಟೆಲ್ಲ ರಗಳೆ ಯಾಕೆ? ಈ ಕಾಲದಲ್ಲಿ ಲ್ಯಾಂಡ್‌ಲೈನ್ ಯಾರಿಗೆ ಬೇಕು, ಮೊಬೈಲ್ ಕೊಡಿಸಿ.

ವಸಂತಾ: ಪ್ರಕಾಶ್, ಮನೆಯೊಳಗೆ ಸಿಗ್ನಲ್ ಇಲ್ಲ ಅಂತ ಬರೆದಿದ್ದು ಓದಿದ್ರಾ?

ಪ್ರಕಾಶ್: ವೈಫೈ ಕಾಲಿಂಗ್ ಇದೆಯಲ್ಲ ಮೇಡಂ.

ವಸಂತಾ: ಆ ವೈಫೈ ಬರೋದೂ ಅದೇ ಓಎನ್‌ಟಿಯಿಂದ. ಅದು ಆರಿದರೆ ಇದೂ ಆರುತ್ತೆ.

ನಾಗರಾಜ್: ವಸಂತಾ ಮೇಡಂ ಹೇಳಿದ್ದು ಸರಿ. ವೈಫೈ ಕಾಲಿಂಗ್ ಹೆಚ್ಚಿನ ಅನುಕೂಲ, ಎರಡನೇ ದಾರಿ ಅಲ್ಲ.

ಮಂಜುನಾಥ್: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ: ‘ಹಳೇ ಟೆಲಿಫೋನ್ ತಂತಿಯ 48 ವೋಲ್ಟನ್ನು ಓಎನ್‌ಟಿಗೆ ಕೊಟ್ಟರೆ ಕರೆಂಟ್ ಇಲ್ಲದೆ ಫೈಬರ್ ಉಚಿತವಾಗಿ ನಡೆಯುತ್ತದೆ.’

ನಾಗರಾಜ್: ಮಾಡಬೇಡಿ. ಆ ತಂತಿ ಕೊಡೋದು 20–40 ಮಿಲಿಆಂಪ್, ಒಂದು ವ್ಯಾಟ್ ಆಚೀಚೆ. ಓಎನ್‌ಟಿಗೆ ಬೇಕಾದದ್ದು ಎಂಟು. ಕರೆಂಟ್ ಎಳೆದ ಕೂಡಲೇ ರಿಸೀವರ್ ಎತ್ತಿದ್ದಾರೆ ಅಂತ ಎಕ್ಸ್‌ಚೇಂಜ್ ತಿಳಿಯುತ್ತೆ, ಲೈನ್ ಎಂಗೇಜ್ ಆಗಿ ಕೂರುತ್ತೆ. 12 ವೋಲ್ಟಿನ ಪೆಟ್ಟಿಗೆಗೆ 48 ಕೊಟ್ಟರೆ ಪೆಟ್ಟಿಗೆಯೂ ಹೋಗುತ್ತೆ.

ಮಂಜುನಾಥ್: ಹಾಗಾದರೆ ಇನ್ವರ್ಟರ್ ಬ್ಯಾಟರಿಯಿಂದಲೇ 12 ವೋಲ್ಟ್ ನೇರ ಕೊಡಬಹುದಲ್ವಾ? ಅದರದ್ದೂ ಒಂದು ವಿಡಿಯೋ ಇದೆ.

ನಾಗರಾಜ್: ಚಾರ್ಜ್ ಆಗುವಾಗ ಬ್ಯಾಟರಿಯಲ್ಲಿ 14.4 ವೋಲ್ಟ್, ಕೆಲವು ಇನ್ವರ್ಟರಿನಲ್ಲಿ ಇನ್ನೂ ಮೇಲೆ. ಮಧ್ಯದಲ್ಲಿ 12 ವೋಲ್ಟಿಗೆ ಕಟ್ಟಿಹಾಕುವ ಕನ್ವರ್ಟರ್, ಬ್ಯಾಟರಿ ಬುಡದಲ್ಲಿ 2 ಆಂಪ್ ಫ್ಯೂಸ್ ಇಲ್ಲದೆ ಬೇಡ. ವಿಡಿಯೋ ಕಳಿಸಬೇಡಿ.

ಡಾ. ಸುಮಾ: ಕ್ಲಿನಿಕ್‌ನಲ್ಲಿ ಫ್ಯಾಕ್ಸ್ ಇದೆ. ಫೈಬರ್ ಫೋನಿನಲ್ಲಿ ನಡೆಯುತ್ತಾ?

ರಫೀಕ್: ನಾನು ಕಂಪನಿಯ ಫೋನ್ ಅಲ್ಲ, ಪ್ರತ್ಯೇಕ ಐಪಿ ಫೋನ್ ಸೇವೆ ತಗೊಂಡು ನನ್ನದೇ ಅಡಾಪ್ಟರ್ (ಸಾದಾ ಸೆಟ್ಟನ್ನು ಇಂಟರ್ನೆಟ್ಟಿಗೆ ಜೋಡಿಸುವ ಡಬ್ಬಿ) ಇಟ್ಟಿದ್ದೀನಿ. ಬಂದ ಕರೆ ಎಲ್ಲ 32 ಸೆಕೆಂಡಿಗೆ ಸರಿಯಾಗಿ ಕಟ್ ಆಗುತ್ತೆ. ಕೆಲವೊಮ್ಮೆ ಅವರ ಮಾತು ನನಗೆ ಕೇಳಲ್ಲ. 200 ಎಂಬಿ ಪ್ಲಾನ್, ವೇಗ ಹೆಚ್ಚಿಸಬೇಕಾ?

ನಾಗರಾಜ್: ಒಳ್ಳೇ ಪ್ರಶ್ನೆ. ವೇಗಕ್ಕೆ ಸಂಬಂಧವೇ ಇಲ್ಲ, ಒಂದು ಕರೆಗೆ ಎರಡೂ ದಿಕ್ಕಿಗೆ ತಲಾ 90 ಕಿಲೋಬಿಟ್ ಸಾಕು. 32 ಸೆಕೆಂಡ್ ಅನ್ನೋದೇ ರೋಗ ಹೇಳ್ತಿದೆ. ಕರೆ ಎತ್ತಿದಾಗ ನಿಮ್ಮ ಅಡಾಪ್ಟರ್ ‘ಎತ್ತಿದೆ’ ಅಂತ ಸಂದೇಶ ಕಳಿಸುತ್ತೆ, ಆ ಕಡೆಯಿಂದ ‘ಸಿಕ್ಕಿತು’ ಅಂತ ಬರಬೇಕು. ಅದು ಬರದಿದ್ದರೆ ಎಸ್‌ಐಪಿ (ಇಂಟರ್ನೆಟ್ ಕರೆ ಜೋಡಿಸುವ ಪದ್ಧತಿ) ನಿಯಮದ ಪ್ರಕಾರ 32 ಸೆಕೆಂಡ್ ಕಾದು ಕರೆ ಮುಗಿಸುತ್ತೆ. ಆ ಉತ್ತರ ಬರಬೇಕಾದ ಇಂಟರ್ನೆಟ್ ವಿಳಾಸ ಎಲ್ಲೋ ಕಲಸಿದೆ. ಮೊದಲು ರೂಟರಿನಲ್ಲಿ, ಕರೆಯ ಸಂದೇಶದ ವಿಳಾಸ ತಿದ್ದುವ ‘ಎಸ್‌ಐಪಿ ಎಎಲ್‌ಜಿ’ ಸೆಟ್ಟಿಂಗ್ ಆಫ್ ಮಾಡಿ. ಓಎನ್‌ಟಿ ಹಿಂದೆ ನಿಮ್ಮ ರೂಟರ್ ಬೇರೆ ಇದ್ದರೆ ಎರಡರಲ್ಲೂ ನ್ಯಾಟ್ (ವಿಳಾಸ ಬದಲಿಸುವ ಕೆಲಸ) ನಡೀತಿರುತ್ತೆ. ಓಎನ್‌ಟಿಯನ್ನು ಬ್ರಿಡ್ಜ್ (ವಿಳಾಸ ಮುಟ್ಟದೆ ದಾಟಿಸುವ ರೀತಿ) ಮಾಡಿಸಿ, ಅಥವಾ ನಿಮ್ಮದನ್ನು ವೈಫೈ ಮಾತ್ರ ಕೊಡುವ ಆಕ್ಸೆಸ್ ಪಾಯಿಂಟ್ ಮಾಡಿ. ಅಡಾಪ್ಟರಿನಲ್ಲಿ ಕೀಪ್‌ಅಲೈವ್ (ಸಂಪರ್ಕ ಜೀವಂತ ಇಡುವ ಸಂಕೇತ) 30 ಸೆಕೆಂಡಿಗೆ ಇಡಿ. ಒಂದೊಂದೇ ಬದಲಿಸಿ, ಪ್ರತಿ ಸಲ ಹೊರಗಿನಿಂದ ಕರೆ ಮಾಡಿಸಿ ನೋಡಿ.

ಲೋಕೇಶ್: ಸರ್ ಹಳೇ ನಂಬರ್ ಉಳಿಯುತ್ತಾ?

ನಾಗರಾಜ್: ಮೇಲೆ ಇದೆ.

ಕಾವ್ಯ: ನಮ್ಮ ಫೈಬರ್ ಫೋನಿಂದ ಮೊಬೈಲಿಗೆ ಹೋಗಲ್ಲ, ಲ್ಯಾಂಡ್‌ಲೈನಿಗೆ ಹೋಗುತ್ತೆ.

ನಾಗರಾಜ್: ಮೊಬೈಲ್ ನಂಬರಿಗೆ ಮುಂದೆ ಸೊನ್ನೆ ಸೇರಿಸಿ. 2021ರ ಜನವರಿ 15ರಿಂದ ಇದೇ ನಿಯಮ.

ಮಂಜುನಾಥ್: ಕೊನೇದು: ‘ಫೈಬರಿನಲ್ಲಿ ಕೆಂಪು ಲೈಟ್ ಬಂದರೆ ತುದಿ ಬಿಚ್ಚಿ ಬಾಯಲ್ಲಿ ಊದಿ, ಸ್ಯಾನಿಟೈಸರ್ ಹಚ್ಚಿ ಹಾಕಿ.’ ಇದಾದರೂ ಸರಿ ಇದೆಯಾ?

ನಾಗರಾಜ್: ಇಲ್ಲ. ಊದಿದರೆ ಎಂಜಲಿನ ತೇವ, ಸ್ಯಾನಿಟೈಸರಿನಲ್ಲಿ ಗ್ಲಿಸರಿನ್, ಎರಡೂ ತುದಿಯ ಮೇಲೆ ಪೊರೆ ಕಟ್ಟುತ್ತೆ. ಬಿಚ್ಚಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಬೇಡಿ, ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣಲ್ಲ. ಓಎನ್‌ಟಿಯಲ್ಲಿ ಕೆಂಪು ಲೈಟ್ ಅಂದರೆ ಫೈಬರಿನ ಬೆಳಕು ತಲುಪ್ತಿಲ್ಲ: ಎಲ್ಲೋ ಕೇಬಲ್ ತುಂಡಾಗಿದೆ, ಇಲ್ಲವೇ ಬಾಗಿಲ ಸಂದಿಯಲ್ಲಿ ಮಡಚಿದೆ. ಮಡಿಕೆ ಬಿಡಿಸಿ ನೋಡಿ, ಆಗದಿದ್ದರೆ ದೂರು ಕೊಡಿ. ಎರಡು ಸಲ ಹೇಳಿಯಾಯ್ತು, ಫಾರ್ವರ್ಡ್ ಸಾಕು. ಸ್ಟಾರ್ 401 ಒತ್ತಿ ಯಾವುದೋ ಹತ್ತಂಕಿಯ ನಂಬರ್ ಹಾಕಿ ಅನ್ನುವ ಮೆಸೇಜನ್ನಂತೂ ಯಾರಿಗೂ ದಾಟಿಸಬೇಡಿ. ಅದು ಮೊಬೈಲಿನ ಕರೆಗಳನ್ನು ಬೇರೆಯವರಿಗೆ ತಿರುಗಿಸುವ ಕೋಡ್. ಒಟಿಪಿ ಕರೆಯೂ ಅವರಿಗೇ ಹೋಗುತ್ತೆ.

ಮಂಜುನಾಥ್: ಕೇಳಿದ್ದಕ್ಕೆ ಇಷ್ಟು ಸಿಟ್ಟಾ? ಗುಂಪು ಇರೋದು ಯಾತಕ್ಕೆ?

ಪ್ರಕಾಶ್: ಅದೇ. ತಾಮ್ರವೇ ಚೆನ್ನಾಗಿತ್ತು, ಯಾರ ಮಾತೂ ಕೇಳಬೇಕಿರಲಿಲ್ಲ.

ವಸಂತಾ: ಈಗಷ್ಟೇ ಲ್ಯಾಂಡ್‌ಲೈನ್ ಯಾರಿಗೆ ಬೇಕು ಅಂದವರು ನೀವೇ!

ಪ್ರಕಾಶ್: ಮೇಡಂ, ನಾನು ನಿಮ್ಮ ಹತ್ರ ಮಾತಾಡ್ತಿಲ್ಲ.

ಗಿರೀಶ್: ಜಗಳ ಬೇರೆ ಕಡೆ ಮಾಡ್ಕೊಳ್ರೀ. ತಾಮ್ರದಲ್ಲಿ ಮಳೆ ಬಂದರೆ ಜಾಯಿಂಟಿಗೆ ನೀರು ಇಳಿದು ಗೊರಗೊರ ಅಂತಿತ್ತು, ಅದನ್ನೂ ನೆನಪಿಟ್ಕೊಳ್ಳಿ.

ಡಾ. ಸುಮಾ: ಫ್ಯಾಕ್ಸ್ ಬಗ್ಗೆ ಕೇಳಿದ್ದೆ.

ಲೋಕೇಶ್: ಮೇಲೆ ಅಂದರೆ ಎಲ್ಲಿ ಸರ್? ಹುಡುಕಿದೆ, ಸಿಗಲಿಲ್ಲ.

ನಾಗರಾಜ್: ಮೊದಲನೇ ಪ್ರಶ್ನೆ.

ಶ್ರೀಧರ: ಅಣ್ಣ, ಲೈನ್‌ಮನ್ ಬಂದಿದ್ದಾರೆ. ಫೈಬರ್ ಎಳೆದಾಯ್ತು, ನಂಬರ್ ಇನ್ನೂ ತಾಮ್ರದಲ್ಲೇ ಇದೆ. ಬೆಳಕು ಅಳೆಯುವ ಮೀಟರ್ ಇಟ್ಟು ಮೈನಸ್ 26.5 ಅಂದರು, ‘ನಡೆಯುತ್ತೆ ಬಿಡಿ’ ಅಂತಾರೆ. ಓಎಲ್‌ಟಿ ಹತ್ರ ಬ್ಯಾಟರಿ ಮಾತ್ರ ಇದೆಯಂತೆ, ಐದಾರು ಗಂಟೆ.

ನಾಗರಾಜ್: ನಡೆಯಲ್ಲ, ಒಪ್ಪಬೇಡಿ. ಅದು ತಲುಪುವ ಬೆಳಕಿನ ಬಲ, ಡಿಬಿಎಂ ಲೆಕ್ಕದಲ್ಲಿ. ಮೈನಸ್ ಸಂಖ್ಯೆ ದೊಡ್ಡದಾದಷ್ಟು ಬೆಳಕು ಕಡಿಮೆ. ಮೈನಸ್ 27ಕ್ಕೆ ಓಎನ್‌ಟಿ ಕೈಬಿಡುತ್ತೆ. ಒಣ ದಿನದಲ್ಲೇ 26.5 ಇದ್ದರೆ, ಮಳೆಗೆ ಒಂದು ಕೊಂಬೆ ಕೇಬಲ್ ಮೇಲೆ ಒರಗಿದರೂ ಫೋನ್ ಹೋಯ್ತು. 24ಕ್ಕಿಂತ ಒಳ್ಳೇದು ಬೇಕು. ಅವರು ಹೋಗುವ ಮುಂಚೆ ಮೂರು ಕೆಲಸ ಮಾಡಿಸಿ: ಹಸಿರು ಕನೆಕ್ಟರಿಗೆ ಹಸಿರೇ ಕೂಡಿದೆಯಾ ನೋಡಿ, ನೀಲಿ ಸೇರಿಸಿದ್ದರೆ ಅಲ್ಲೇ ಬೆಳಕು ಸೋರುತ್ತೆ, ಕಂಬದ ಡಬ್ಬಿಯಲ್ಲಿ ಸುರುಳಿಯ ತ್ರಿಜ್ಯ 3 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಸಡಿಲಿಸಲಿ, ಆಗಲೂ ಇಳಿಯದಿದ್ದರೆ ಜಾಯಿಂಟ್ ಬಿಚ್ಚಿ ಮತ್ತೆ ಸ್ಪ್ಲೈಸ್ ಮಾಡಲಿ.

ಓಎಲ್‌ಟಿಗೆ ಐದಾರು ಗಂಟೆ ಅಂದರೆ ಒಂದಿಡೀ ದಿನ ಕರೆಂಟ್ ಹೋದಾಗ ಈ ಫೋನನ್ನು ನಂಬಕ್ಕಾಗಲ್ಲ. ಸಾಧ್ಯವಾದರೆ ಫೈಬರನ್ನು ಹೊಸ ನಂಬರಿನಲ್ಲಿ ತಗೊಂಡು ತಾಮ್ರವನ್ನು ಈ ಮಳೆಗಾಲ ಮುಗಿಯೋವರೆಗೆ ಉಳಿಸಿ, ಎರಡರ ಬಾಡಿಗೆ ಕಟ್ಟಿ. ಆಗ ಓಎನ್‌ಟಿಗೆ ಬೇರೆಯದೇ ಒಂದು ಸೆಟ್ ಇರಲಿ, ಹಳೇ ವೈರಿಂಗಿಗೆ ಅದನ್ನು ಮುಟ್ಟಿಸಬೇಡಿ. ತಾಮ್ರ ಕೊಡಲ್ಲ ಅಂದರೆ ಅಂಗಳದಲ್ಲೋ ಗುಡ್ಡದ ಕಡೆಯೋ ಎಲ್ಲಿ ಸಿಗ್ನಲ್ ಸಿಗುತ್ತೆ ಹುಡುಕಿ, ಮಾಡಿನ ಮೇಲೆ ಹೊರಗಿನ ಆಂಟೆನಾ ಇರುವ, ಸಿಮ್ ಹಾಕುವ ಫೋನ್ ಸೆಟ್ ಕೂರಿಸಬಹುದು. ಯಾವ ಕಂಪನಿಯ ಸಿಗ್ನಲ್, ಎಷ್ಟು ದೂರದಲ್ಲಿ ಸಿಗುತ್ತೆ ಅಂತ ಬರೆಯಿರಿ, ಆಂಟೆನಾ ಮತ್ತು ಕೇಬಲ್ ಅಳತೆ ನಾನು ಹೇಳ್ತೀನಿ.

ಶ್ರೀಧರ: ಅಂಗಳದ ತುದಿಯಲ್ಲಿ ಒಂದು ಕಡ್ಡಿ ಬರುತ್ತೆ. ಮನೆಯಿಂದ 15 ಮೀಟರ್ ಇರಬಹುದು. ಬೆಳಕಿನ ಮೀಟರ್ ಈಗ ಮೈನಸ್ 23, ಕಂಬದಲ್ಲಿ ಸುರುಳಿ ಬಿಗಿಯಾಗಿತ್ತು.

ನಾಗರಾಜ್: 23 ಸರಿ, ಆ ಡಬ್ಬಿಯ ಫೋಟೋ ತೆಗೆದಿಟ್ಕೊಳ್ಳಿ. ಆಂಟೆನಾಗೆ ಕೇಬಲ್ 10 ಮೀಟರ್ ದಾಟಬಾರದು, ದಾಟಿದರೆ ಸಿಕ್ಕ ಸಿಗ್ನಲ್ ಕೇಬಲಿನಲ್ಲೇ ಹೋಗುತ್ತೆ. ಮಾಡಿನ ಮೇಲೆ ಹತ್ತಿಸಿ ಮೊಬೈಲ್ ಹಿಡಿದು ಮೊದಲು ನೋಡಿ, ಎತ್ತರಕ್ಕೆ ಹೋದರೆ ಅಷ್ಟು ದೂರ ಬೇಕಾಗಲ್ಲ.

ಡಾ. ಸುಮಾ: ಮೂರನೇ ಸಲ ಕೇಳ್ತಿದ್ದೀನಿ, ಫ್ಯಾಕ್ಸ್?

ಲೋಕೇಶ್: ಸಿಕ್ತು ಸರ್. ಆದರೆ ನಮ್ಮದು 080 ಅಲ್ಲ, 0821. ಅದಕ್ಕೂ ಇದೇನಾ?