ಪದಚರ್ಚೆ: ನೆಲ ಉಳಿಸಲು ಸರ್ಕಾರ ಕೊಡುವ ಹಣ ಅನುದಾನವೋ, ಸಹಾಯಧನವೋ, ಬೇರೇನೋ?

ಗೆಳೆಯರೆ,

ನೆಲ ಉಳಿಸಿಕೊಳ್ಳೋದಕ್ಕೆ ಸರ್ಕಾರಗಳು ಹೇಗೆಲ್ಲ ಹಣ ಕೊಡುತ್ತವೆ ಅನ್ನುವ ಬಗ್ಗೆ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಓದುವವರು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ರೈತರು, ಪಂಚಾಯ್ತಿ ಸದಸ್ಯರು. ಕೆಲವು ಮಾತುಗಳಿಗೆ ತಕ್ಕ ಪದ ಕೂಡುತ್ತಿಲ್ಲ. ನಿಮ್ಮ ಸಲಹೆ ಬೇಕು.

ಮೊದಲ ತೊಡಕು ಗ್ರಾಂಟ್. ನಿಘಂಟಿನಲ್ಲಿ ಅನುದಾನ ಅಂತಿದೆ, ಅದನ್ನೇ ಬರೆದೆ. ಕರಡನ್ನು ಕುಷ್ಟಗಿ ಕಡೆಯ ಹಿರಿಯರೊಬ್ಬರಿಗೆ ಓದಿ ಹೇಳುವಾಗ ಅವರು ನಡುವೆಯೇ ತಡೆದರು. "ಅನುದಾನ ಅಂದ್ರ ಪಂಚಾಯ್ತಿಗೆ, ಸಾಲಿಗೆ ಬರೋದಲ್ರೀ? ನಮಗೇನು ಬಂತು ಅದ್ರಾಗ?" ಅವರ ಮಾತಿನಲ್ಲಿ ಹುರುಳಿದೆ. ಅನುದಾನಿತ ಶಾಲೆ, ಶಾಸಕರ ಅನುದಾನ, ಹಣಕಾಸು ಆಯೋಗದ ಅನುದಾನ, ಎಲ್ಲ ಕಡೆಯೂ ಅದು ಸಂಸ್ಥೆಗೋ ಊರಿಗೋ ಬರುವ ಹಣ. ಒಬ್ಬ ರೈತನ ಖಾತೆಗೆ ಬೀಳೋದು ಸಹಾಯಧನ. ಬಾಯಿಮಾತಿನಲ್ಲಿ ಸಬ್ಸಿಡಿ. ಸಹಾಯಧನ ಅಂದ ಕೂಡಲೇ ನಮ್ಮ ಪಾಲೂ ಒಂದಿಷ್ಟು ಹಾಕಬೇಕು ಅನ್ನೋದು ಹೇಳದೆಯೇ ತಿಳಿಯುತ್ತದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯದಲ್ಲಿ ಹೊಂಡ ತೆಗೆಸಲು ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90 ಅಂತ ಇತ್ತು. ಉಳಿದದ್ದು ಹೊಲದವನದು.

ಉದ್ಯೋಗ ಖಾತ್ರಿಯ ಫಲಕಗಳಲ್ಲಿ ಈ ಎರಡೂ ಪದ ಕಾಣೋದಿಲ್ಲ. ಒಡ್ಡಿನ ಪಕ್ಕ ನಿಲ್ಲಿಸಿದ ಫಲಕವನ್ನು ಓದಿ ನೋಡಿ: ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಕೂಲಿ ವೆಚ್ಚ, ಸಾಮಗ್ರಿ ವೆಚ್ಚ, ಮಾನವ ದಿನಗಳು. ಕೆಲಸ ಇಷ್ಟು, ಅದಕ್ಕೆ ದುಡ್ಡು ಇಷ್ಟು. ಸರ್ಕಾರಿ ಬರವಣಿಗೆಯಲ್ಲಿ ಇಷ್ಟು ನೆಟ್ಟಗಿನ ಭಾಷೆ ಅಪರೂಪ.

ಇನ್ನು ಗಣಿ ಹಣ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಗಣಿ ಗುತ್ತಿಗೆದಾರರು ರಾಜಧನದ (ರಾಯಲ್ಟಿ) ಜೊತೆಗೆ ಇನ್ನಷ್ಟು ಕಟ್ಟಬೇಕು. ಹಳೆಯ ಗುತ್ತಿಗೆಯಾದರೆ ರಾಜಧನದ ಶೇ 30, ಹರಾಜಿನಲ್ಲಿ ಪಡೆದದ್ದಾದರೆ ಶೇ 10. ಅದು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹೋಗುತ್ತದೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣದ ಜೊತೆಗೆ ಪರಿಸರ ರಕ್ಷಣೆಯೂ ಅದರ ಆದ್ಯತೆಯ ಪಟ್ಟಿಯಲ್ಲಿದೆ. ಇದಲ್ಲದೆ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆ ಪ್ರಕರಣದಿಂದ ಬಂದ ಹಣಕ್ಕೆ ಗಣಿ ಪರಿಸರ ಪುನಶ್ಚೇತನ ನಿಗಮ ಅಂತ ಬೇರೆಯೇ ಇದೆ. ಈ ಹಣವನ್ನು ಅನುದಾನ ಅನ್ನೋಕೆ ನನಗೆ ಮನಸ್ಸು ಬರೋದಿಲ್ಲ. ಸರ್ಕಾರ ದಾನ ಕೊಟ್ಟ ಹಾಗೆ ಕೇಳಿಸುತ್ತದೆ. ಕೆಟ್ಟ ನೆಲಕ್ಕೆ ಕೆಡಿಸಿದವರೇ ತೆತ್ತ ಹಣ ಅದು. ಪರಿಹಾರ ಅನ್ನಬಹುದೇನೋ, ಆದರೆ ಪರಿಹಾರ ಅಂದರೆ ಬೆಳೆ ಹೋದಾಗ ಚೆಕ್ ಬರೋದು ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. ಸಂಡೂರಿನ ಕಡೆ ಜನ ಸುಮ್ನೆ 'ಮೈನಿಂಗ್ ದುಡ್ಡು' ಅಂತಾರೆ. ಕೆಲವು ಪತ್ರಿಕೆಗಳು ಖನಿಜ ನಿಧಿ ಅಂತ ಬರೆಯುತ್ತವೆ. ಆದರೆ ಆನೆಗೊಂದಿ, ಹಂಪಿ ಸೀಮೆಯಲ್ಲಿ ನಿಧಿ ಅಂದರೆ ರಾತ್ರಿ ಗುದ್ದಲಿ ಹಿಡಿದು ಹಾಳು ಗುಡಿ ಅಗೆಯುವವರು ನೆನಪಾಗ್ತಾರೆ, ಏನು ಮಾಡೋಣ!

ಅಮೆರಿಕದ ಒಂದು ಉದಾಹರಣೆಯನ್ನೂ ಪುಸ್ತಿಕೆಯಲ್ಲಿ ಹಾಕಿದ್ದೇನೆ, ನಮ್ಮ ಖನಿಜ ನಿಧಿಗೆ ಹತ್ತಿರದ್ದು ಅಂತ. ಅಲ್ಲಿ 1964ರ ಕಾಯ್ದೆಯಿಂದ ನೆಲ ಮತ್ತು ನೀರಿನ ಸಂರಕ್ಷಣೆಗೆ ಅಂತಲೇ ಒಂದು ನಿಧಿ ಆಯಿತು. ಕಡಲಿನಲ್ಲಿ ತೆಗೆಯುವ ತೈಲ, ಅನಿಲದಿಂದ ಸರ್ಕಾರಕ್ಕೆ ಬರುವ ಆದಾಯವೇ ಅದರ ಮುಖ್ಯ ಮೂಲ. 2020ರ ಇನ್ನೊಂದು ಕಾಯ್ದೆ ವರ್ಷಕ್ಕೆ 90 ಕೋಟಿ ಡಾಲರ್ ಅದಕ್ಕೆ ಕಾಯಂ ಮಾಡಿತು. ಇಷ್ಟನ್ನು ಕನ್ನಡದಲ್ಲಿ ಹೇಳೋದು ಸುಲಭ. ಕಷ್ಟ ಇರೋದು ಕನ್ಸರ್ವೇಶನ್ ಈಸ್‌ಮೆಂಟ್ ಅನ್ನುವ ಅಲ್ಲಿನ ಕರಾರಿನಲ್ಲಿ. ಹೊಲ ರೈತನದೇ. ಉಳಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ಆದರೆ ಅಲ್ಲಿ ಲೇಔಟ್ ಹಾಕೋದಿಲ್ಲ ಅಂತ ಬರೆದುಕೊಡುತ್ತಾನೆ. ಆ ಹಕ್ಕನ್ನು ಬಿಟ್ಟದ್ದಕ್ಕೆ ಸಾರ್ವಜನಿಕ ಹಣದಿಂದ ಅವನಿಗೆ ದುಡ್ಡು ಸಿಗುತ್ತದೆ. ಮುಂದೆ ಹೊಲ ಕೊಂಡವನಿಗೂ ಆ ಕರಾರು ಬಿಡೋದಿಲ್ಲ.

ವಕೀಲರು ಈಸ್‌ಮೆಂಟಿಗೆ ಅನುಭೋಗದ ಹಕ್ಕು ಅಂತಾರೆ. 1882ರ ಕಾಯ್ದೆಯ ಕಾಲದಿಂದ ಅದು ಪಕ್ಕದವನ ಹೊಲದಲ್ಲಿ ಬಂಡಿದಾರಿ, ನೀರಿನ ಕಾಲುವೆ ಇಂಥವಕ್ಕೆ ಬಳಕೆಯಾದ ಮಾತು. ಇಲ್ಲಿ ಹಾಕಿದರೆ ಅರ್ಥವೇ ತಿರುಗುಮುರುಗು. ಕುಷ್ಟಗಿಯ ಆ ಹಿರಿಯರಿಗೇ ಇದನ್ನು ವಿವರಿಸಿದಾಗ, "ಹಂಗಂದ್ರ ಸರ್ಕಾರಕ್ಕ ಒತ್ತಿ ಹಾಕಿದಂಗನು?" ಅಂತ ಕೇಳಿದರು. ಒತ್ತಿ, ಅಂದರೆ ಅಡವು ಅಲ್ಲ, ಯಾಕೆಂದರೆ ಬಿಡಿಸಿಕೊಳ್ಳುವ ಮಾತೇ ಇಲ್ಲ. ಕೊನೆಗೆ "ಎನ್‌ಎ ಮಾಡಿಸೋದಿಲ್ಲ ಅಂತ ಬರಕೊಟ್ಟು ರೊಕ್ಕ ತಗೊಳ್ಳೋದು" ಅಂದಾಗ ಅವರಿಗೆ ತಟ್ಟನೆ ತಿಳಿಯಿತು. ಎನ್‌ಎ ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸೋದು. ಆದರೆ ಇಷ್ಟುದ್ದದ್ದನ್ನು ತಲೆಬರಹಕ್ಕೆ ಹಾಕೋಕಾಗಲ್ಲ ಅಲ್ವಾ?

ಹಾಗಾಗಿ ಹಳೆಯ ಮಾತುಗಳ ಕಡೆ ತಿರುಗಿದೆ. ಕೆರೆ ಕಟ್ಟಿದವನಿಗೆ, ಕಟ್ಟಿದ್ದನ್ನು ನೋಡಿಕೊಳ್ಳುವವನಿಗೆ ಬಿಡುತ್ತಿದ್ದ ಭೂಮಿಗೆ ಕಟ್ಟುಕೊಡಗಿ, ಕೆರೆಕೊಡಗಿ ಅಂತಿದ್ದರು. ಶಾಸನಗಳಲ್ಲಿ ಬಿತ್ತುವಟ್ಟ ಅಂತಲೂ ಸಿಗುತ್ತದೆ. ಬಳ್ಳಾರಿ 1800ರಲ್ಲಿ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋದ ದತ್ತಮಂಡಲದ ಭಾಗ. ಆ ಸೀಮೆಯ ಕಂದಾಯದ ದಾಖಲೆಗಳಲ್ಲಿ ದಶಬಂಧ ಇನಾಂ ಅಂತ ಬರುತ್ತದೆ. ಸ್ವಂತ ಖರ್ಚಿನಲ್ಲಿ ಕೆರೆ, ಬಾವಿ ಮಾಡಿಸಿ ಕಾಪಾಡುವವನಿಗೆ ಸಿಗುತ್ತಿದ್ದ ಪಾಲು ಅದು. ಹತ್ತರ ಲೆಕ್ಕ ಹೆಸರಿನಲ್ಲೇ ಇದೆ. ನನಗೆ ಹಿಡಿಸಿದ್ದು ಏನೆಂದರೆ, ಈ ಪದಗಳಲ್ಲಿ ಕೊಡುವುದರ ಜೊತೆ ಮಾಡಬೇಕಾದ ಕೆಲಸವೂ ಸೇರಿದೆ. ಅನುದಾನದಲ್ಲಿ ಅದಿಲ್ಲ. ಕೊಟ್ಟರು, ಖರ್ಚಾಯಿತು, ಬಳಕೆ ಪ್ರಮಾಣಪತ್ರ ಹೋಯಿತು, ಮುಗಿಯಿತು. ಹಾಗಾದರೆ ಈಸ್‌ಮೆಂಟಿನ ಹಣಕ್ಕೆ 'ನೆಲಕೊಡಗಿ' ಅಂತ ಕಟ್ಟಬಹುದಾ? ಕೊಡಗಿಯಲ್ಲಿ ಭೂಮಿಯನ್ನೇ ಕೊಡುತ್ತಿದ್ದರು, ಇಲ್ಲಿ ಹಣ. ಆ ವ್ಯತ್ಯಾಸ ನುಂಗಿಕೊಳ್ಳುವಷ್ಟು ಸಣ್ಣದು ಅಂತ ನನ್ನ ಅನಿಸಿಕೆ. ಶಾಸನ ಓದುವವರಿಗೆ ಮುಜುಗರ ಆಗಬಹುದು, ಅವರೇ ಹೇಳಲಿ.

ಕೊನೆಯದು ಸಂರಕ್ಷಣೆ. ಕನ್ಸರ್ವೇಶನ್, ಪ್ರಿಸರ್ವೇಶನ್ ಎರಡಕ್ಕೂ ನಾವು ಇದೊಂದನ್ನೇ ಹಾಕ್ತೇವೆ. ಕಾಯ್ದೆಯಲ್ಲಿ ಸಂರಕ್ಷಿತ ಅರಣ್ಯ ಅಂತ ಬರೋದರಿಂದ, 'ಭೂ ಸಂರಕ್ಷಣೆ' ಅಂದರೆ ನಾಳೆ ಬೇಲಿ ಬೀಳ್ತೈತಿ, ದನ ಬಿಡಂಗಿಲ್ಲ ಅಂತ ಜನರಿಗೆ ಅಳುಕು. ಗಾಯರಾಣ (ದನ ಮೇಯುವ ನೆಲ), ಪರಂಪೋಕು (ಸಾಗುವಳಿಗಲ್ಲದ ಸರ್ಕಾರಿ ನೆಲ) ಇರುವ ಊರುಗಳಲ್ಲಿ ಈ ಅಳುಕು ಜಾಸ್ತಿ. ಆದರೆ ಬಳ್ಳಾರಿಯಲ್ಲಿ 1954ರಿಂದ ಇರುವ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರದ ಕೆಲಸವೆಲ್ಲ ಉಳುವ ಎರೆ (ಕಪ್ಪು ಮಣ್ಣಿನ) ಹೊಲದ್ದೇ. ಎರೆಯಲ್ಲಿ ಒಡ್ಡಿನ ಹಿಂದೆ ನೀರು ನಿಂತರೆ ಬೆಳೆ ಹೋಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಒಡ್ಡು ಮಳೆಗೆ ಒಡೆಯುತ್ತದೆ. ಹಾಗಾಗಿ ಹೆಚ್ಚಿನ ನೀರನ್ನು ಮೆಲ್ಲಗೆ ಹೊರಗೆ ಬಿಡುವಂತೆ ಇಳಿಜಾರು ಕೊಟ್ಟು ಒಡ್ಡು ಹಾಕಬೇಕು. ಇದು ಬೇಲಿ ಹಾಕಿ ಕಾಯೋದಲ್ಲ, ಬಳಸುತ್ತಲೇ ಜೋಪಾನ ಮಾಡೋದು. ಮುಟ್ಟದೆ ಉಳಿಸುವುದಕ್ಕೆ 'ಕಾಪಿಡು', ಬಳಸುತ್ತ ಉಳಿಸುವುದಕ್ಕೆ 'ಜೋಪಾನ' ಅಂತ ಬೇರೆ ಮಾಡಿದ್ದೇನೆ. ಗಂಗಾವತಿ, ಸಿಂಧನೂರಿನ ಸವಳು-ಜವಳು (ಉಪ್ಪೇರಿದ, ನೀರು ನಿಂತು ಕೆಟ್ಟ) ಹೊಲಗಳಿಗೆ ಮಾತ್ರ ಎರಡೂ ಹೊಂದೋದಿಲ್ಲ. ಅಲ್ಲಿ ರೂಢಿಯ 'ಸುಧಾರಣೆ'ಯನ್ನೇ ಇಟ್ಟುಕೊಂಡೆ.

ನೆಲಕೊಡಗಿ ನಡೆಯುತ್ತದಾ, ಕಾಪಿಡು-ಜೋಪಾನ ವಿಂಗಡಣೆ ನಿಮ್ಮ ಕಡೆ ತಿಳಿಯುತ್ತದಾ, ದಯವಿಟ್ಟು ಬರೆಯಿರಿ. ದಶಬಂಧ ಅನ್ನೋದನ್ನು ಬಳ್ಳಾರಿ, ಸಿರುಗುಪ್ಪ ಕಡೆ ಈಗಲೂ ಯಾರ ಬಾಯಲ್ಲಾದರೂ ಕೇಳಿದ್ದರೆ, ಅವರು ಅದನ್ನು ಹೇಗೆ ಉಚ್ಚರಿಸುತ್ತಾರೆ ಅನ್ನೋದನ್ನೂ ತಿಳಿಸಿ.